ಪಾಚಿಯಮ್ಮನ ಪತ್ರಕ್ಕೆ ನಾನು ಬೆರೆಸಿದ ವಿನಯ

‘ನಾಳೆ ಅರ್ಧ ಲೀಟರ್ ಸಾಕು’ ಎಂದು ಹಾಲಿನವರಿಗೊಂದು ಚೀಟಿ ಬರೆದು ಗೇಟಿಗೆ ಸಿಕ್ಕಿಸಬೇಕಾದರೂ ನನಗೆ ಎರಡು ಹಾಳೆ ಬೇಕು. ಮೊದಲ ಹಾಳೆ ಅವರ ಯೋಗಕ್ಷೇಮ ವಿಚಾರಿಸುವುದರಲ್ಲೇ ಮುಗಿದು, ಎರಡನೆಯದರ ಮಧ್ಯಭಾಗದಲ್ಲಿ, ತಮಗೆ ತೊಂದರೆಯಾಗದಿದ್ದಲ್ಲಿ ಎಂಬ ಪೀಠಿಕೆಯೊಡನೆ ಅರ್ಧ ಲೀಟರು ಪ್ರವೇಶಿಸುತ್ತದೆ. ಅಷ್ಟು ಹೊತ್ತಿಗೆ ಓದುವವರ ಸಹನೆ ಖರ್ಚಾಗಿರುವುದರಿಂದ ಮರುದಿನ ಎಂದಿನಂತೆ ಒಂದು ಲೀಟರೇ ಬಂದಿರುತ್ತದೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತಳಾದ ನನಗೆ ಇದು ಸಂಸ್ಕಾರವಲ್ಲ, ಕಾಯಿಲೆ ಎಂದು ಗೊತ್ತಾದದ್ದು ಮಾತ್ರ ಈಚೆಗೆ, ಅದೂ ಹತ್ತೊಂಬತ್ತನೆಯ ಶತಮಾನದ ಒಬ್ಬ ವಿದೇಶಿ ಮಹಿಳಾ ವಿಜ್ಞಾನಿಯ ದೆಸೆಯಿಂದ.

ವಿಜಯನಗರ ಬಡಾವಣೆಯಲ್ಲಿ ನಾವು ಹತ್ತು-ಹನ್ನೆರಡು ಮಂದಿ ಹೆಂಗಸರು ಶನಿವಾರ ಮಧ್ಯಾಹ್ನ ಒಬ್ಬರ ಮನೆಯ ಮಹಡಿಯಲ್ಲಿ ಸೇರಿ ಏನಾದರೊಂದು ಓದುತ್ತೇವೆ. ಅಲ್ಲಿ ವಾಚನಕ್ಕಿಂತ ಕೋಡುಬಳೆ ಹೆಚ್ಚೆಂಬುದು ನಮ್ಮ ಮನೆಯವರ ಆರೋಪ, ಆರೋಪದಲ್ಲಿ ಹುರುಳಿದೆ. ನನ್ನ ಸರದಿ ಬಂದಾಗ, ಸಮುದ್ರದ ಪಾಚಿಯನ್ನು ಅಭ್ಯಾಸ ಮಾಡಿದ ಆ ಹೆಂಗಸೂ ಅಂದಿನ ವಿದ್ವಾಂಸರೂ ಪರಸ್ಪರ ಬರೆದುಕೊಂಡ ಪತ್ರಗಳನ್ನು ಕನ್ನಡಕ್ಕೆ ತಂದು ಓದತೊಡಗಿದೆ. ಆಕೆಯ ಹೆಸರನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಉಚ್ಚರಿಸಿ ಸೋತು, ಕೊನೆಗೆ ಸರ್ವಾನುಮತದಿಂದ ‘ಪಾಚಿಯಮ್ಮ’ ಎಂದು ನಾಮಕರಣ ಮಾಡಿದೆವು. ಮೊಣಕಾಲುದ್ದದ ತಣ್ಣೀರಿನಲ್ಲಿ ಗಂಟೆಗಟ್ಟಲೆ ನಿಂತು ಪಾಚಿ ಕೀಳುವುದು, ಅದನ್ನು ಹಾಳೆಯ ಮೇಲೆ ಹರಡಿ ಒಣಗಿಸಿ ಅಂಚೆಗೆ ಹಾಕುವುದು, ಉತ್ತರಕ್ಕೆ ತಿಂಗಳುಗಟ್ಟಲೆ ಕಾಯುವುದು, ಇದು ಪಾಚಿಯಮ್ಮನ ದಿನಚರಿ. ಆ ಮಹನೀಯರ ಸಭೆಗೆ ಹೆಂಗಸರನ್ನು ಸೇರಿಸುತ್ತಿರಲಿಲ್ಲ, ಆದರೆ ಅವರ ಮೇಜಿನ ಮೇಲೆ ಬಂದು ಬೀಳುವ ಲಕೋಟೆಯನ್ನು ತಡೆಯುವವರು ಯಾರೂ ಇರಲಿಲ್ಲ.

ಒಂದು ಶನಿವಾರ, ಪಾಚಿಯಮ್ಮ ಒಬ್ಬ ಮಹಾವಿದ್ವಾಂಸನ ತಪ್ಪನ್ನು ತೋರಿಸಿ ಬರೆದ ಪತ್ರವನ್ನು ಓದಿದೆ. ಪೂಜ್ಯರ ಪಾದಗಳಿಗೆ ವಂದನೆ, ಅಲ್ಪಮತಿಯಾದ ತನ್ನ ಉದ್ಧಟತನಕ್ಕೆ ಕ್ಷಮೆ, ತಮಗೆ ತಿಳಿಯದ್ದೇನಲ್ಲ ಎಂಬ ಸಮಾಧಾನ, ಎಲ್ಲವೂ ಅದರಲ್ಲಿದ್ದವು. ಎಷ್ಟೊಂದು ವಿನಯ ಎಂದು ಎಲ್ಲರೂ ನಿಟ್ಟುಸಿರಿಟ್ಟರು. ಒಂದು ವರ್ಷದ ಮೌನದ ನಂತರ ಆತ ಬರೆದ ಉತ್ತರವನ್ನೂ ಓದಿದೆ: ಚೆನ್ನಾಗಿ ಬೈದಿರಿ, ತಪ್ಪು ನನ್ನದೇ, ಇನ್ನೂ ಮಾದರಿಗಳಿದ್ದರೆ ಕಳಿಸಿ ಎಂಬುದು ಅದರ ಸಾರಾಂಶ. ಆಗ ಮೂಲೆಯಲ್ಲಿದ್ದ ಗಂಗಮ್ಮನವರು ಕೋಡುಬಳೆಯನ್ನು ತಟ್ಟೆಗಿಟ್ಟರು.

“ಅಲ್ಲಾ ಮೇಡಂ, ಆ ಯಪ್ಪ ಚೆನ್ನಾಗ್ ಬೈದ್ರಿ ಅಂತ ಬರ್ದವ್ನೆ. ನೀವ್ ಓದಿದ್ ಕಾಗ್ದದಲ್ಲಿ ಬೈಗುಳ ಎಲ್ಲೈತೆ?”

ಗಂಗಮ್ಮನವರು ಹೊಸಹಳ್ಳಿಯ ಹಳೆಯ ಒಕ್ಕಲು ಮನೆತನದ ಸೊಸೆ. ಬಡಾವಣೆ ಬರುವ ಮುನ್ನ ಇಲ್ಲಿದ್ದ ರಾಗಿ ಹೊಲಗಳನ್ನು ಕಂಡವರು. ಅವರ ಮಾತಿಗೆ ಉತ್ತರ ಹುಡುಕುತ್ತ ಮೂಲ ಪುಸ್ತಕ ತೆರೆದು ನೋಡಿದೆ. ಪಾಚಿಯಮ್ಮ ಬರೆದಿದ್ದದ್ದು ಎರಡೇ ಸಾಲು: ನಿಮ್ಮ ಚಿತ್ರ ತಪ್ಪು, ಜೊತೆಗಿಟ್ಟಿರುವ ಮಾದರಿಯನ್ನು ನೋಡಿ. ಪಾದ, ವಂದನೆ, ಅಲ್ಪಮತಿಗಳೆಲ್ಲ ನನ್ನ ಸ್ವಂತ ಕೊಡುಗೆ. ಅನುವಾದ ಮಾಡುವಾಗ ನನಗೇ ಅರಿವಿಲ್ಲದೆ ಆ ತಾಯಿಗೆ ತಲೆಯ ಮೇಲೆ ಸೆರಗು ಹೊದಿಸಿ, ನಡು ಬಗ್ಗಿಸಿ ನಿಲ್ಲಿಸಿಬಿಟ್ಟಿದ್ದೆ. ನಾಚಿಕೆಯಿಂದ ಒಪ್ಪಿಕೊಂಡೆ.

ಗಂಗಮ್ಮನವರು ನಗಲಿಲ್ಲ. “ಹಂಗಾದ್ರೆ ನಮ್ ಮರದ ಕಾಗ್ದಾನೂ ನೀವ್ ಹಿಂಗೇ ಬರ್ದಿದ್ರಿ ಅನ್ನಿ” ಎಂದರು.

ಆ ಮರದ ಕತೆ ಹೇಳಲೇಬೇಕು. ನಮ್ಮ ಪಾರ್ಕಿನ ಮೂಲೆಯಲ್ಲಿ ಒಂದು ದೊಡ್ಡ ಹೊಂಗೆ ಇದೆ. ಅದು ಗಂಗಮ್ಮನವರ ಅತ್ತೆ ತಮ್ಮ ಹೊಲದ ಬದುವಿನಲ್ಲಿ ನೆಟ್ಟದ್ದು. ಹೊಲ ಹೋಯಿತು, ಅತ್ತೆ ಹೋದರು, ಆ ಮರವೊಂದು ಉಳಿಯಿತು. ಯಾರೋ ಅದಕ್ಕೆ ‘ಹಿಪ್ಪೆ’ ಎಂಬ ಬೋರ್ಡು ಬಡಿದಿದ್ದರು. ಅತ್ತೆಯನ್ನೇ ಬೇರೆ ಯಾರದೋ ಹೆಸರಿನಿಂದ ಕೂಗಿದ ಹಾಗಾಗುತ್ತದೆ ಎಂದು ಗಂಗಮ್ಮನವರು ಆ ಕಡೆ ವಾಕಿಂಗ್ ಹೋಗುವುದನ್ನೇ ಬಿಟ್ಟಿದ್ದರು. ಎರಡು ವರ್ಷದ ಹಿಂದೆ ಅವರ ಕೋರಿಕೆಯಂತೆ ಪಾರ್ಕಿನ ಅಧಿಕಾರಿಗೆ ಮೂರು ಪುಟದ ಪತ್ರ ಬರೆದವಳು ನಾನೇ. ಉದ್ಯಾನದ ಸೊಬಗು, ಸಿಬ್ಬಂದಿಯ ಶ್ರಮ, ಫಲಕಗಳ ಅಂದವಾದ ಅಕ್ಷರ ಇವುಗಳನ್ನೆಲ್ಲ ಕೊಂಡಾಡಿ, ಮೂರನೆಯ ಪುಟದ ಕೊನೆಯಲ್ಲಿ ಹೊಂಗೆಯನ್ನು ಮೆಲ್ಲಗೆ ಸುಳಿಸಿದ್ದೆ. ತಮ್ಮ ಪ್ರಶಂಸೆಗೆ ಧನ್ಯವಾದಗಳು ಎಂದು ಉತ್ತರ ಬಂತು. ಬೋರ್ಡು ಅಲ್ಲೇ ಇತ್ತು.

“ಈ ಸಲ ನಾನ್ ಹೇಳ್ತೀನಿ, ನೀವ್ ಬರ್ಕಳಿ. ಏನೂ ಸೇರಿಸ್ಬೇಡಿ” ಎಂದರು ಗಂಗಮ್ಮನವರು. ಎಲ್ಲರೂ ಸುತ್ತ ಕುಳಿತರು. ‘ಮಾನ್ಯರೇ’ ಎಂಬುದಕ್ಕೆ ಅನುಮತಿ ಸಿಕ್ಕಿತು. ‘ದಯವಿಟ್ಟು’ ಒಂದೇ ಸಲ. ಉಳಿದದ್ದು ಇಷ್ಟು: ಅದು ಹಿಪ್ಪೆ ಅಲ್ಲ, ಹೊಂಗೆ. ನಮ್ಮ ಅತ್ತೆ ನೆಟ್ಟಿದ್ದು. ಕಾಯಿ ಇಟ್ಟಿದೀನಿ, ನೋಡಿ. ಬೋರ್ಡು ಬದಲಾಯಿಸಿ. ಲಕೋಟೆಯೊಳಗೆ ಒಂದು ಒಣಗಿದ ಹೊಂಗೆಕಾಯಿ ಹಾಕಿ, ಅವರೇ ರುಜು ಮಾಡಿದರು. ಇಷ್ಟು ಬರಿಮೈಯ ಪತ್ರವನ್ನು ನನ್ನ ಕೈಯಾರೆ ಅಂಚೆಗೆ ಹಾಕುವಾಗ ನನಗೆ ಬೆವರಿತು.

ಮೂರು ವಾರದಲ್ಲಿ ಬೋರ್ಡು ಬದಲಾಯಿತು. ಅದಕ್ಕಿಂತ ದೊಡ್ಡ ವಿಷಯವೆಂದರೆ ಗಂಗಮ್ಮನವರ ಹೆಸರಿಗೇ ಒಂದು ಪತ್ರ ಬಂತು. ತಪ್ಪು ತಮ್ಮದೆಂದು ಒಪ್ಪಿಕೊಂಡಿದ್ದ ಆ ಅಧಿಕಾರಿ, ಪಾರ್ಕಿನಲ್ಲಿ ಇನ್ನೂ ನಾಲ್ಕು ಮರಗಳ ಬಗ್ಗೆ ತಮಗೆ ಅನುಮಾನವಿದೆ, ನೀವು ನೋಡಿ ಹೇಳುವಿರಾ ಎಂದು ಕೇಳಿದ್ದರು. ಆ ಕಾಗದವನ್ನು ಗಂಗಮ್ಮನವರು ಮಹಡಿಯಲ್ಲಿ ಎಲ್ಲರ ಕೈಗೂ ಕೊಟ್ಟು ತೋರಿಸಿದರು. ಅವರ ಮುಖ ನೋಡಿ ನಮಗೆಲ್ಲ ಹಬ್ಬ ಬಂದಷ್ಟು ಖುಷಿಯಾಯಿತು.

ಉತ್ತರ ಬರೆಯಲು ಕುಳಿತೆವು. ಅವರು ಒಂದೊಂದೇ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ನಾಲ್ಕನೆಯ ಮರಕ್ಕೆ ಬಂದಾಗ ಅವರನ್ನು ಕೇಳುವ ಗೋಜಿಗೇ ಹೋಗದೆ ‘ಗೋಣಿ’ ಎಂದು ಬರೆದೆ. ವಾಕಿಂಗ್ ಗೆಳತಿಯರಿಗೆಲ್ಲ ವರ್ಷಗಟ್ಟಲೆ ಅದನ್ನು ಗೋಣಿಮರವೆಂದು ಪರಿಚಯಿಸಿದವಳು ನಾನು. ಸೂಕ್ಷ್ಮದರ್ಶಕದ ಕೆಳಗೆ ಹಿಡಿಯದ ಸಸ್ಯಗಳ ವಿಷಯದಲ್ಲಿ ನನ್ನ ಪಾಂಡಿತ್ಯ ಅಷ್ಟಕ್ಕಷ್ಟೆ ಎಂಬುದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

“ಹೊಡ್ದಾಕಿ ಮೇಡಂ, ಅದು ಬಸರಿ. ಎಲೆಯೆಲ್ಲಾ ಒಟ್ಟಿಗೆ ಉದುರ್ಸಿ ಒಟ್ಟಿಗೆ ಚಿಗುರ್ತದೆ, ನೋಡಿಲ್ವಾ?” ಎಂದ ಗಂಗಮ್ಮನವರು ಜೊತೆಗೆ ಸೇರಿಸಿದರು: “ನೀವ್ ಗೋಣಿ ಅಂದಾಗ್ಲೆಲ್ಲ ತಪ್ಪು ಅಂತ ಗೊತ್ತಿತ್ತು. ಓದ್ದೋರು ಅಂತ ಸುಮ್ನಿದ್ದೆ.”

ಪಾಚಿಯಮ್ಮನ ವಿದ್ವಾಂಸನಿಗೆ ಒಪ್ಪಿಕೊಳ್ಳಲು ಒಂದು ವರ್ಷ ಬೇಕಾಗಿತ್ತು. ನಾನು ಗೋಣಿಯನ್ನು ಅಲ್ಲೇ ಹೊಡೆದು ಹಾಕಿ ಬಸರಿ ಎಂದು ಬರೆದೆ. ಆಮೇಲೆ, ಇಷ್ಟು ವರ್ಷಗಳಲ್ಲಿ ಒಬ್ಬರು ಮೊದಲ ಸಲ ನೇರವಾಗಿ ತಪ್ಪು ತೋರಿಸಿ ನನ್ನನ್ನು ತಮ್ಮ ಸರೀಕಳೆಂದು ಎಣಿಸಿದ ಸಂತೋಷಕ್ಕೆ, ಎಲ್ಲರಿಗಿಂತ ಗಟ್ಟಿಯಾಗಿ ನಕ್ಕೆ.