ನನಗೇ ತಿಳಿಯದಂತೆ ನಾನು ಓದಿದ ಪುಸ್ತಕಗಳು

ನಾನು ಭಾರಿ ಓದುಗ. ಇದು ನನ್ನ ಮಾತಲ್ಲ, ಸರ್ಕಾರಿ ರಿಜಿಸ್ಟರಿನ ಮಾತು. ಹೋದ ವಾರದವರೆಗೆ ನನಗೂ ಗೊತ್ತಿರಲಿಲ್ಲ.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿರುವ ನಮ್ಮೂರಿನ ಗ್ರಂಥಾಲಯ ಈಗ ಡಿಜಿಟಲ್ ಆಗಿದೆ. ಅಂದರೆ ನಾಲ್ಕು ಕಂಪ್ಯೂಟರು ಬಂದಿವೆ, ಕರೆಂಟಿದ್ದಾಗ ಎರಡು ನಡೆಯುತ್ತವೆ. 'ಮೌನವಾಗಿರಿ' ಎಂಬ ಹಳೆಯ ಬೋರ್ಡು ಹಾಗೇ ಇದೆ. ಅದರ ಕೆಳಗೇ ಕೂತು ಗ್ರಂಥಪಾಲಕಿ ಸಾಕಮ್ಮ, "ನಿಂಗಣ್ಣೋ, ಓಟಿಪಿ ಬಂತಾ? ಗಟ್ಯಾಗಿ ಯೋಳು!" ಎಂದು ಕೂಗುತ್ತಾಳೆ. ಹಿಂದೆಲ್ಲ ಗ್ರಂಥಪಾಲಕರೆಂದರೆ ಪುಸ್ತಕವನ್ನು ಓದುಗರಿಂದ ಕಾಪಾಡುತ್ತಿದ್ದವರು. ಗೆದ್ದಲಿಗೆ ಮಾತ್ರ ಬೀರು ಸದಾ ತೆರೆದಿರುತ್ತಿತ್ತು. ಈಗ ಪಹಣಿ, ಪಿಂಚಣಿ ಅರ್ಜಿ, ಮರೆತ ಪಾಸ್‌ವರ್ಡು, ಎಲ್ಲಕ್ಕೂ ಸಾಕಮ್ಮನೇ ಬೇಕು. ಪುಸ್ತಕ ಕೇಳುವವರಿಲ್ಲ, ಅಷ್ಟೆ.

ನಾನು ನಿವೃತ್ತ ಮೇಷ್ಟ್ರು. ಉಪದೇಶ ಬಿಟ್ಟರೆ ಬೇರೆ ಕಸುಬು ಬಾರದು. "ಗ್ರಂಥಾಲಯ ಅಂದ್ರೆ ದೇವಸ್ಥಾನ ಕಣಮ್ಮ, ಹಿಂಗಾ ಸಂತೆ ಮಾಡೋದು?" ಎಂದು ಅವಳನ್ನು ದಿನವೂ ಬಯ್ಯುತ್ತಿದ್ದೆ. ಬೈದಾದ ಮೇಲೆ ಫ್ಯಾನಿನ ಕೆಳಗೆ ಕೂತು, ಅಲ್ಲಿನ ವೈಫೈನಲ್ಲಿ ಕ್ರಿಕೆಟ್ ನೋಡಿ ಮನೆಗೆ ಹೋಗುತ್ತಿದ್ದೆ.

ಹೋದ ವಾರ ಮಂಡ್ಯದಿಂದ ತಪಾಸಣೆಗೆ ಸಾಹೇಬರೊಬ್ಬರು ಬಂದರು. ವರ್ಷವಿಡೀ ಯಾರೂ ಒಯ್ಯದ ಪುಸ್ತಕಗಳನ್ನೆಲ್ಲ ಮೂಟೆ ಕಟ್ಟಿ, ಬೀರು ಎತ್ತಿಸಿ, ಆ ಜಾಗದಲ್ಲಿ ಇನ್ನಷ್ಟು ಕಂಪ್ಯೂಟರು ಇಡುವುದು ಅವರ ಯೋಜನೆ. ಎರವಲು ರಿಜಿಸ್ಟರ್ ತಿರುವಿ ಹಾಕಿದವರು, ಅದರ ತುಂಬ ಇದ್ದ ಹೆಸರು ಯಾರದೆಂದು ಸಾಕಮ್ಮನನ್ನು ಕೇಳಿ, ಎದ್ದು ಬಂದು ನನ್ನ ಕೈ ಕುಲುಕಿದರು.

"ನೀವೇನಾ ಸಾರ್? ಅಬ್ಬಬ್ಬಾ, ವಾರಕ್ಕೆ ಮೂರು ಪುಸ್ತಕ! ಜೇನು ಸಾಕಣೆಯಿಂದ ಹಿಡಿದು ಶಾಸನಗಳವರೆಗೆ!"

ನಾನು ಬೆಬ್ಬೆಬ್ಬೆ ಎಂದೆ. ಸಾಹೇಬರ ಬೆನ್ನ ಹಿಂದೆ ಸಾಕಮ್ಮ ನನಗೆ ಕೈ ಮುಗಿಯುತ್ತಿದ್ದಳು. ಅಷ್ಟು ಬಾಯಿಜೋರಿನ ಹೆಂಗಸಿನ ಕಣ್ಣಲ್ಲಿ ನೀರು ಕಂಡದ್ದು ಅದೇ ಮೊದಲು.

"ಹೂಂ ಸಾರ್, ಏನೋ ಒಂದು ಚಟ" ಎಂದೆ. ಬೀರುಗಳು ಉಳಿದುಕೊಂಡವು.

ಜೀಪು ಅತ್ತ ಹೋದದ್ದೇ ರೇಗಿದೆ. "ಸುಳ್ಳು ಬರೆಯೋಕೆ ನನ್ನ ಹೆಸರೇ ಬೇಕಿತ್ತೇನಮ್ಮ?"

"ಇನ್ಯಾರ ಎಸ್ರು ಬರೀಲಿ ಮೇಷ್ಟ್ರೇ? ದೇವಸ್ತಾನ ದೇವಸ್ತಾನ ಅಂತ ದಿನಾ ಬಾಯ್ ಬಡ್ಕೊಳೋರು ನೀವೊಬ್ರೇ. ನೀವು ಓದಾಕಿಲ್ಲ ಅಂದ್ರೆ ಯಾರು ನಂಬ್ತಾರೆ?"

ಮಂಗಳಾರತಿ ಚೆನ್ನಾಗಿಯೇ ಆಯಿತು. ಮುಂದಿನ ಸಲ ಬಂದಾಗ ಜೇನಿನ ಬಗ್ಗೆ ಕೂತು ಮಾತಾಡೋಣ ಎಂದು ಸಾಹೇಬರು ಬೇರೆ ಹೇಳಿ ಹೋಗಿದ್ದಾರೆ. ಆದ್ದರಿಂದ ನಿನ್ನೆಯಿಂದ ಅದೇ ಫ್ಯಾನಿನ ಕೆಳಗೆ ಕೂತು ಜೇನು ಸಾಕಣೆ ಓದುತ್ತಿದ್ದೇನೆ. ರಿಜಿಸ್ಟರ್ ಪ್ರಕಾರ ಇದು ಎರಡನೆಯ ಓದು.

ಇವತ್ತು ಯಾಕೋ ಗಲಾಟೆ ಕಡಿಮೆಯಾಗಿದೆಯಲ್ಲ ಎಂದು ತಲೆಯೆತ್ತಿದೆ. ಬೋರ್ಡಿನ ಕೆಳಗೆ ಕೂತ ಸಾಕಮ್ಮ ಪಿಸುಗುಡುತ್ತಿದ್ದಳು: "ನಿಂಗಣ್ಣೋ, ಓಟಿಪಿ ಮೆತ್ಗೆ ಯೋಳು. ಮೇಷ್ಟ್ರು ಓದ್ತಾವ್ರೆ."