ಪುಟ್ಟಕ್ಕನ ಅರ್ಧ ಫೋಟೊ

ವೈ.ಎನ್.ಹೊಸಕೋಟೆಯಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ ರಾಮಾಂಜಿನಮ್ಮ ಹಟಕ್ಕೆ ಬಿದ್ದರೆ ಬ್ರಹ್ಮ ಬಂದರೂ ಜಗ್ಗುವವಳಲ್ಲ. ಗಂಡ ತೀರಿಕೊಂಡಾಗ ಕ್ಯಾಮೆರಾ ಮಾರಿಬಿಡು ಎಂದವರನ್ನು ಅದರ ಮುಂದೆಯೇ ಕೂರಿಸಿ ಫೋಟೊ ಹೊಡೆದು ಕಳಿಸಿದವಳು.

ಸಾವಿರದ ಒಂಬೈನೂರ ಎಪ್ಪತ್ತೆಂಟರ ಬೇಸಿಗೆಯಲ್ಲಿ ಪುಟ್ಟಕ್ಕ ಎಂಬ ಮುದುಕಿ ಹಿರಿಮಗ ಕಾಡಸಿದ್ದಪ್ಪನ ತೋಳು ಹಿಡಿದು ಬಂದಳು. ಮೈಯಲ್ಲಿ ಉಸಿರೊಂದೇ ಉಳಿದಿತ್ತು. ಇಬ್ಬರು ಮಕ್ಕಳ ನಡುವೆ ಕೂತ ಒಂದು ಫೋಟೊ ಬೇಕು, ಅಷ್ಟೇ ಅವಳ ಆಸೆ. ಕಿರಿಯ ಅಡವಯ್ಯ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋಗಿದ್ದ. ಮಳೆ ಬೀಳುವವರೆಗೆ ಅವನ ಸುದ್ದಿಯೂ ಸಿಗದು.

"ಅವ್ನು ಬರೋಗಂಟ ನಾನಿರ್ತೀನೋ ಇಲ್ವೋ ಕಣಮ್ಮ," ಎಂದಳು ಪುಟ್ಟಕ್ಕ.

"ನೀನಿವತ್ತು ಕೂತ್ಕೋ. ಅವ್ನು ಬಂದಾಗ ಕೂತ್ಕತಾನೆ. ಕೂಡ್ಸೋದು ನನ್ನ ಕೆಲ್ಸ," ಎಂದಳು ರಾಮಾಂಜಿನಮ್ಮ.

ಲೆನ್ಸಿನ ಅರ್ಧಕ್ಕೆ ಕಪ್ಪು ಕಾಗದ ಅಂಟಿಸಿದಳು. ತಾಯಿ, ಹಿರಿಮಗ ಫಿಲ್ಮಿನ ಒಂದು ಪಾಲಿಗೆ ಬಿದ್ದರು. ಪಕ್ಕದ ಖಾಲಿ ಸ್ಟೂಲಿನ ಪಾಲು ಬೆಳಕು ಕಾಣದೆ ಉಳಿಯಿತು. ಅಡವಯ್ಯ ಬಂದ ದಿನ ಕಾಗದವನ್ನು ಆಚೆ ಬದಿಗೆ ಹಾಕಿ ಅದೇ ಫಿಲ್ಮಿನ ಮೇಲೆ ಅವನನ್ನು ಹಿಡಿಯಬೇಕು. ಅಲ್ಲಿಯವರೆಗೆ ರೀಲು ತಿರುಗಿಸುವಂತಿಲ್ಲ, ಸ್ಟ್ಯಾಂಡು ಕದಲುವಂತಿಲ್ಲ. ಇದ್ದದ್ದೋ ಒಂದೇ ಕ್ಯಾಮೆರಾ.

ಮದುವೆಗಳ ಕಾಲ ಬೇರೆ. ಬಂದವರೆಲ್ಲ ಬಾಗಿಲಿಂದಲೇ ಹಿಂದಿರುಗಿದರು. ಎದುರು ಹೋಟೆಲಿನ ಪರ್ವತಯ್ಯ ಕಿಚಾಯಿಸಿದ: "ಏನಮ್ಮ, ಕ್ಯಾಮೆರಾಕ್ಕೆ ಬಾಣಂತನವಾ? ಗಾಳಿ ಬಂದಾಗ ತೂರ್ಕೋಬೇಕು ಕಣಮ್ಮ."

"ಗಾಳಿ ಮುಂದಿನ್ವರ್ಸಾನೂ ಬತ್ತದೆ ಕಣಣ್ಣ. ಆ ಮುದ್ಕಿ ಬತ್ತಾಳಾ?"

ಬಾಯಲ್ಲಿ ಹಾಗೆಂದಳು, ಆದರೆ ಒಲೆ ಉರಿಯಬೇಕಲ್ಲ! ಕಡಲೆಕಾಯಿ ಸುಲಿಯುವ ಕೂಲಿಗೆ ಹೋದಳು.

ಮೊದಲ ಮಳೆಗೂ ಮುಂಚೆ ಪುಟ್ಟಕ್ಕ ಹೋಗಿಬಿಟ್ಟಳು. ಕಾಡಸಿದ್ದಪ್ಪ ಬಂದು, "ಅವ್ವನೇ ಇಲ್ಲ ಅಂದ್ಮೇಲೆ ಬುಟ್ಬುಡಕ್ಕ, ರೀಲು ತಿರುಗ್ಸು," ಎಂದ.

"ನಿಮ್ಮವ್ವ ಇದ್ರೊಳಗವ್ಳೆ. ತಮ್ಮ ಬಂದೇಟ್ಗೆ ಕರ್ಕಂಡು ಬಾ, ಹೋಗು," ಎಂದು ಗದರಿದಳು. ಅವನು ಹೋದ ಮೇಲೆ ಒಬ್ಬಳೇ ಕೂತು ಅತ್ತಳು.

ಮಳೆ ಬಿತ್ತು, ಅಡವಯ್ಯ ಅಣ್ಣನ ಜೊತೆ ಸ್ಟುಡಿಯೊಗೆ ಬಂದ. ಊರಿಗೆ ಕಾಲಿಟ್ಟು ಸುದ್ದಿ ಕೇಳಿದವನು ತಲೆ ಬೋಳಿಸಿಕೊಂಡಿದ್ದ. ಸ್ಟೂಲಿನ ಹತ್ತಿರ ಹೋಗಿ ನಿಂತುಬಿಟ್ಟ.

"ಅವ್ವ ಇದ್ರಾಗೆ ಬದುಕವ್ಳಲ್ಲಕ್ಕ. ಬೋಳು ತಲೇಲಿ ಅವಳ ಪಕ್ಕ ಹೆಂಗೆ ಕೂತ್ಕಳ್ಲಿ?"

ತಾಯಿ ಸತ್ತ ಗುರುತನ್ನು ತಾಯಿಯ ಪಕ್ಕದಲ್ಲೇ ಹೊತ್ತು ಕೂರುವುದು ಯಾವ ಮಗನಿಂದ ಆದೀತು? ರಾಮಾಂಜಿನಮ್ಮ ಕಾಡಸಿದ್ದಪ್ಪನ ಹೆಗಲ ಮೇಲಿದ್ದ ಟವೆಲನ್ನು ಕಿತ್ತುಕೊಂಡು ತಾನೇ ಅಡವಯ್ಯನ ತಲೆಗೆ ಸುತ್ತಿದಳು. ಅವನು ಕೂತ, ಆದರೆ ಅವ್ವ ಕೂತಿದ್ದ ಕುರ್ಚಿಯಿಂದ ದೂರಕ್ಕೆ.

"ಇತ್ತಾಗೆ ಸರ್ಕೊಳಪ್ಪ. ನಿಮ್ಮವ್ವ ಮಗ್ಗುಲಾಗೇ ಕೂತವ್ಳೆ. ನನ್ನ ಕಡೆ ನೋಡು, ಕದಲ್ಬ್ಯಾಡ."

ಅವನು ಸರಿದ. ಕ್ಯಾಮೆರಾ ಕಡೆ ಮಾತ್ರ ನೋಡಲಿಲ್ಲ. ಖಾಲಿ ಕುರ್ಚಿಯತ್ತ ತಿರುಗಿ, "ತಡ ಮಾಡ್ಬುಟ್ಟೆ ಕಣವ್ವ," ಎಂದ.

ರಾಮಾಂಜಿನಮ್ಮ ಅವನನ್ನು ತಿದ್ದಲಿಲ್ಲ. ಗುಂಡಿ ಒತ್ತಿದಳು.

ಆ ಫೋಟೊದಲ್ಲಿ ಪುಟ್ಟಕ್ಕ, ಕಾಡಸಿದ್ದಪ್ಪ ಇಬ್ಬರೂ ನೇರಕ್ಕೆ ನೋಡುತ್ತಿದ್ದಾರೆ. ಅಡವಯ್ಯ ಅವ್ವನನ್ನೇ ನೋಡುತ್ತಿದ್ದಾನೆ.