ಲಿಫ್ಟ್ ಬೇಗ ಸರಿ ಮಾಡಿದ ತಪ್ಪಿಗೆ

ಇಪ್ಪತ್ತೊಂಬತ್ತು ವರ್ಷದ ಸರ್ವಿಸ್‌ನಲ್ಲಿ ಲಿಫ್ಟ್ ಮೆಕ್ಯಾನಿಕ್‌ನ ಫೈಲಿಗೆ ಬಿದ್ದಿರುವುದು ಒಂದೇ ಒಂದು ದೂರು. ಲಿಫ್ಟ್ ಸರಿ ಮಾಡಲಿಲ್ಲ ಎಂದಲ್ಲ, ಸರಿ ಮಾಡಿದ ಎಂದು. ಹೇಳಿದ ದಿನಕ್ಕಿಂತ ಎರಡು ವಾರ ಮೊದಲೇ, ಯಾರನ್ನೂ ಒಂದು ಮಾತು ಕೇಳದೆ ಲಿಫ್ಟ್ ಓಡುವಂತೆ ಮಾಡಿ ಕಟ್ಟಡದ ಹಿರಿಯರಿಗೆ ತೊಂದರೆ ಕೊಟ್ಟಿದ್ದಾನೆ ಎಂದು. ಹನ್ನೊಂದು ಸಹಿ, ಒಂದು ಹೆಬ್ಬೆಟ್ಟು, ಹುಡುಕಿದರೂ ಒಂದು ತಪ್ಪು ಸಿಗದ ಟೈಪಿಂಗ್. ನಾಲ್ಕು ವರ್ಷವಾಯಿತು. ಇಂದಿಗೂ ಆ ಮಾತೆತ್ತಿದರೆ ಅವನ ಕಿವಿ ಕೆಂಪಾಗುತ್ತದೆ.

ಅವನ ಕಿವಿ ಕೆಂಪಾಗಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ ಅನ್ನಿ. ವರ್ಕ್‌ಶಾಪಿನಲ್ಲಿ ಅವನಿಗೆ ಕುಕ್ಕರ್ ಎಂದು ಹೆಸರು. ಬೆಳಿಗ್ಗೆ ಅವನು ಒಳಗೆ ಕಾಲಿಟ್ಟ ಕೂಡಲೇ ಜೊತೆಯವರು ಮೂರು ವಿಷಲ್ ಆಗಲಿ ಎಂದು ಕಾಯುತ್ತಿದ್ದರು. ಆಮೇಲೆ ಹತ್ತಿರ ಹೋದರೆ ಅಪಾಯವಿಲ್ಲ ಎಂಬ ಲೆಕ್ಕ. ಏಳನೇ ಕ್ಲಾಸಿಗೇ ಪುಸ್ತಕ ಮಡಚಿ ಸೋದರಮಾವನ ಹಿಂದೆ ಗ್ರೀಸ್ ಡಬ್ಬ ಹಿಡಿದು ಹೊರಟವನು. ಓದಿದ್ದು ಕಡಿಮೆ. ಆದರೆ ಲಿಫ್ಟಿನ ಗೋಡೆಗೆ ಕಿವಿಯಿಟ್ಟು ಯಾವ ಚಕ್ರ ನರಳುತ್ತಿದೆ ಎಂದು ಹೇಳಬಲ್ಲ. ಸೋದರಮಾವ ಕಲಿಸಿದ ಒಂದು ನಿಯಮವನ್ನು ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದವನು: ಕೆಟ್ಟ ಲಿಫ್ಟಿಗೆ ಬೋರ್ಡ್ ಹಾಕದೆ ಇರಬಾರದು, ಓಡುವ ಲಿಫ್ಟಿಗೆ ಸುಳ್ಳು ಬೋರ್ಡ್ ಹಾಕಬಾರದು.

ಆ ಐದು ಮಹಡಿಯ ಕಟ್ಟಡದ ಲಿಫ್ಟ್ ಕೈಕೊಟ್ಟದ್ದು ಒಂದು ಸೋಮವಾರ. ಮೋಟರಿನ ಗೇರು ಸವೆದುಹೋಗಿತ್ತು. ಹೊಸದು ಬರಲು ಆರು ವಾರ ಬೇಕು ಎಂದು ಕಂಪನಿ ಹೇಳಿತು. ಅವನೂ ಬೋರ್ಡಿನ ಮೇಲೆ ಆರು ವಾರ ಎಂದೇ ಬರೆದು ತೂಗುಹಾಕಿದ. ಕಟ್ಟಡದ ತುಂಬ ವಯಸ್ಸಾದವರು. ನೆಲಮಹಡಿಯಲ್ಲಿ ಅವರಿಗೆಂದೇ ಒಂದು ಕೋಣೆ: ಬಿ.ಪಿ. ನೋಡುವ ಮೇಜು, ಕೈಕಾಲು ಆಡಿಸುವ ಕಸರತ್ತಿಗೆ ಗೋಡೆಗುಂಟ ಕುರ್ಚಿ, ಮೂಲೆಯಲ್ಲಿ ಇಸ್ಪೀಟು, ಹಳೆಯ ವಾರಪತ್ರಿಕೆ. ಅದನ್ನು ನಡೆಸುತ್ತಿದ್ದವಳು ಒಬ್ಬ ನರ್ಸಮ್ಮ. ಶುಕ್ರವಾರ ಸಂಜೆ ಅವಳ ಹಿಂದೆ ಒಂದು ಗುಂಪು ಕೆರೆಯ ಸುತ್ತ ನಡೆದು, ಚಹಾ ಕುಡಿದು, ಊರಿನವರನ್ನೆಲ್ಲ ಆಡಿಕೊಂಡು ಬರುತ್ತಿತ್ತು. ಆ ಗುಂಪಿಗೆ ಸೇರಲು ಒಂದೇ ಷರತ್ತು: ಮನೆಯಿಂದ ಕೆಳಗಿನ ಬಾಗಿಲ ತನಕ ಯಾರೂ ಕೈಹಿಡಿಯದೆ ತನ್ನ ಕಾಲ ಮೇಲೆ ತಾನೇ ಬರಬೇಕು.

ಮೊದಲ ದಿನವೇ ಐದನೇ ಮಹಡಿಯ ಕಂಪೌಂಡರ್, ರಿಟೈರಾಗಿ ಹದಿನೈದು ವರ್ಷವಾದವರು, ಅರ್ಧ ಇಳಿದು ಮೆಟ್ಟಿಲಿನ ತಿರುವಿನಲ್ಲಿ ಗೋಡೆ ಹಿಡಿದು ನಿಂತುಬಿಟ್ಟರು. ಟೂಲ್‌ಬಾಕ್ಸ್ ಹೊತ್ತು ಹತ್ತುತ್ತಿದ್ದ ಮೆಕ್ಯಾನಿಕ್‌ಗೆ ದಾರಿ ಬಿಡದೆ, ಉಸಿರು ಎಳೆದುಕೊಳ್ಳುತ್ತಲೇ ಅವನ ಕಂಪನಿಯನ್ನು, ಗೇರನ್ನು, ಗೇರು ಮಾಡಿದವರನ್ನು ಬೈಯತೊಡಗಿದರು. ಇವನಿಗೆ ಸಿಟ್ಟು ನೆತ್ತಿಗೇರಿತು. ದಡದಡ ಕೆಳಗಿಳಿದ, ನರ್ಸಮ್ಮನ ಕೋಣೆಯಿಂದ ಕೇಳದೆ ಒಂದು ಕುರ್ಚಿ ಎತ್ತಿಕೊಂಡು ಬಂದ, ಅವರ ಮುಂದೆ ಕುಕ್ಕಿದ.

"ಕೂತ್ಕೊಂಡು ಬೈರಿ. ನಿಂತು ಬೈದ್ರೆ ನಿಮಗೇ ಸುಸ್ತು."

ಕಂಪೌಂಡರ್ ಕೂತರು. ಕೂತಾಗ ಬೈಗುಳ ಅಷ್ಟಾಗಿ ಬರಲಿಲ್ಲ. ಇನ್ನೊಬ್ಬರು ಇನ್ನೊಂದು ತಿರುವಿನಲ್ಲಿ ಶುರುಮಾಡುವ ಮೊದಲೇ ಇವನು ಹಲ್ಲು ಕಡಿಯುತ್ತ ಒಂದೊಂದಾಗಿ ಐದು ತಿರುವಿಗೆ ಐದು ಕುರ್ಚಿ ಹಾಕಿದ. ಕುರ್ಚಿ ಕಳ್ಳನನ್ನು ಹುಡುಕಿಕೊಂಡು ನರ್ಸಮ್ಮ ಹತ್ತಿ ಬಂದಾಗ ಎರಡನೇ ತಿರುವಿನಲ್ಲಿ ಒಬ್ಬರು ಕೂತು, ಮೂವರು ಮೆಟ್ಟಿಲ ಮೇಲೆ ಒರಗಿ, ಯಾರದೋ ಮೊಮ್ಮಗಳ ಮದುವೆ ಮುರಿದ ಕತೆಯನ್ನು ಚಪ್ಪರಿಸುತ್ತಿದ್ದರು. ಅವಳು ಕುರ್ಚಿ ವಾಪಸು ಕೇಳಲಿಲ್ಲ. ಮಾರನೆಯ ದಿನ ಬಿ.ಪಿ. ಯಂತ್ರವನ್ನೇ ತಿರುವಿಗೆ ತಂದಳು. ವಾರದೊಳಗೆ ಮೂರನೇ ತಿರುವಿನಲ್ಲಿ ಇಸ್ಪೀಟು, ಮೊದಲನೆಯದರಲ್ಲಿ ಪತ್ರಿಕೆ. ಗಾಲಿಕುರ್ಚಿಯ ಅಜ್ಜನೊಬ್ಬರ ಮನೆಗೆ ಮಾತ್ರ ಅವಳೇ ಹೋಗಿಬರುತ್ತಿದ್ದಳು. ಮೆಕ್ಯಾನಿಕ್ ಹತ್ತಿ ಇಳಿಯುವಾಗ ಪ್ರತಿ ತಿರುವಿನಲ್ಲೂ ಒಂದು ಉಪದೇಶ, ಒಂದು ಕೆಣಕು ತಿಂದೇ ಮುಂದೆ ಹೋಗಬೇಕಾಯಿತು.

ನಾಲ್ಕನೇ ಮಹಡಿಯ ಟೈಪಿಸ್ಟಮ್ಮನ ಪರಿಚಯವಾದದ್ದೂ ಹಾಗೆಯೇ. ಮೂವತ್ತಾರು ವರ್ಷ ಕೋರ್ಟಿನಲ್ಲಿ ಟೈಪ್ ಮಾಡಿದವರು, ಎಪ್ಪತ್ತೇಳು ವಯಸ್ಸು. ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದಿತ್ತು. ಮೂಳೆ ವಾಸಿಯಾಗಿತ್ತು, ಮಗನ ಭಯ ವಾಸಿಯಾಗಿರಲಿಲ್ಲ. ಅವರನ್ನು ಹೊರಗೆ ಕರೆದೊಯ್ಯುವಾಗ ಮಗ ಒಂದು ಮೊಣಕೈ, ಸೊಸೆ ಒಂದು ಮೊಣಕೈ ಹಿಡಿದು, ಗಾಜಿನ ಬೀರು ಸಾಗಿಸುವವರ ಹಾಗೆ ಲಿಫ್ಟಿಗೆ ಸೇರಿಸುತ್ತಿದ್ದರು. ಶುಕ್ರವಾರದ ಗುಂಪಿನ ಪಟ್ಟಿಯಲ್ಲಿ ಅವರ ಹೆಸರಿನ ಮೇಲೆ ಗೀಟು ಬಿದ್ದಿತ್ತು. ಆ ಗೀಟು ಅವರಿಗೆ ಮುರಿದ ಮೂಳೆಗಿಂತ ಹೆಚ್ಚು ನೋಯುತ್ತಿತ್ತು.

ಲಿಫ್ಟ್ ಕೆಟ್ಟ ಮೂರನೇ ದಿನ, ಮಗ ಸೊಸೆ ಕೆಲಸಕ್ಕೆ ಹೋದ ಹೊತ್ತು ನೋಡಿ, ಅವರು ಕೋಲು ಹಿಡಿದು ಒಂಬತ್ತು ಮೆಟ್ಟಿಲು ಇಳಿದು ತಿರುವಿನ ಕುರ್ಚಿಯಲ್ಲಿ ಕೂತಿದ್ದರು. ಹಿಂದೆ ನರ್ಸಮ್ಮ, ಮುಟ್ಟದೆ. ಮೇಲಿನಿಂದ ಮೆಕ್ಯಾನಿಕ್‌ನ ಕೂಗಾಟ ಕೇಳುತ್ತಿತ್ತು. ಸ್ಪ್ಯಾನರ್ ಎಲ್ಲಿ ಇಟ್ಟೆನೋ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದ. ಇಳಿದು ಬಂದವನನ್ನು ಅವರು ಕನ್ನಡಕದ ಮೇಲಿನಿಂದ ನೋಡಿ, ನೀವು ಸಿಟ್ಟಿಲ್ಲದೆ ಎಷ್ಟು ಹೊತ್ತು ಇರಬಲ್ಲಿರಿ ಎಂದು ವಿಚಾರಿಸಿದರು. ಬೇಕಾದಷ್ಟು ಎಂದ ಇವನು, ಆಗಲೇ ಸಿಟ್ಟಿನಲ್ಲಿ. ಈ ವಯಸ್ಸಿನಲ್ಲಿ ಈ ಸಾಹಸ ಯಾಕೆ, ಬಿದ್ದರೆ ನನ್ನ ಲಿಫ್ಟಿನ ತಲೆಗೆ ಕಟ್ಟುತ್ತೀರಿ ಎಂದೂ ಸೇರಿಸಿದ.

"ಒಂದು ಪಂದ್ಯ ಕಟ್ಟೋಣ್ವಾ ಮೆಕ್ಯಾನಿಕ್ಕಪ್ಪ?" ಎಂದರು ಟೈಪಿಸ್ಟಮ್ಮ. "ನಮ್ಮ ಮನೆ ಬಾಗಿಲಿಂದ ನೆಲಕ್ಕೆ ಎಪ್ಪತ್ತೆರಡು ಮೆಟ್ಟಿಲು. ನಿಮ್ಮ ಲಿಫ್ಟ್ ಶುರುವಾಗೋದರೊಳಗೆ ಅಷ್ಟೂ ನಾನು ಒಬ್ಬಳೇ ಇಳೀತೀನಿ. ಇಳಿದ್ರೆ ನೀವು ಒಂದು ದಿನ, ಬೆಳಿಗ್ಗೆ ಎದ್ದಾಗಿಂದ ರಾತ್ರಿ ಮಲಗೋವರೆಗೆ, ಯಾರ ಮೇಲೂ ಸಿಡುಕಬಾರದು."

"ಒಂದು ದಿನ ಯಾಕೆ, ಒಂದು ವಾರ ಇರ್ತೀನಿ."

"ಬೇಡ. ಆಗದ ಮಾತು ಆಡಬೇಡಿ. ಒಂದು ದಿನ ಸಾಕು."

ಅವರು ಸೋತರೆ ಒಂದು ವರ್ಷ ಅವನ ಕೆಲಸದ ವರದಿಗಳನ್ನೆಲ್ಲ ಟೈಪ್ ಮಾಡಿಕೊಡಬೇಕು ಎಂದು ಮಾತಾಯಿತು. ವರದಿ ಬರೆಯುವುದೆಂದರೆ ಅವನಿಗೆ ಜ್ವರ ಬರುತ್ತಿತ್ತು. ಮನಸ್ಸಿನಲ್ಲೇ ಹಿಗ್ಗಿದ.

ಅಲ್ಲಿಂದ ಮೆಟ್ಟಿಲ ಮೇಲೆ ಬೇರೆ ಮಾತೇ ಇಲ್ಲ. ಇಳಿದಷ್ಟನ್ನು ಹತ್ತಲೂ ಬೇಕಲ್ಲ, ಹಾಗಾಗಿ ಟೈಪಿಸ್ಟಮ್ಮ ಲೆಕ್ಕ ಹಾಕಿ ಇಳಿಯುತ್ತಿದ್ದರು. ಮೊದಲ ವಾರ ಹದಿನೆಂಟು, ಎರಡನೇ ವಾರ ಇಪ್ಪತ್ತೇಳು. ಕಂಪೌಂಡರ್ ನಾಡಿ ಹಿಡಿದು ನೋಡಿ, ಕುದುರೆ ತಯಾರಾಗುತ್ತಿದೆ ಎಂದು ಸಾರುತ್ತಿದ್ದರು. ಮಗನಿಗೂ ಸುದ್ದಿ ಮುಟ್ಟಿತು. ಲಿಫ್ಟ್ ಇಲ್ಲ, ಆಸ್ಪತ್ರೆಗೆ ಹೋಗುವುದಾದರೂ ಇಳಿಯಲೇಬೇಕು, ಅಭ್ಯಾಸವಾಗಲಿ ಎಂದು ನರ್ಸಮ್ಮ ಹೇಳಿದ್ದಕ್ಕೆ ಅವನು ಒಲ್ಲದ ಮನಸ್ಸಿನಿಂದ ಸುಮ್ಮನಾದ. ನಾಲ್ಕನೇ ವಾರದ ಕೊನೆಗೆ ಅವರು ಮೊದಲ ಮಹಡಿ ಮುಟ್ಟಿ, ಐವತ್ತನಾಲ್ಕು ಮೆಟ್ಟಿಲು ಇಳಿದು, ಕೂತು ಕೂತು ವಾಪಸು ಹತ್ತಿದರು. ಉಳಿದದ್ದು ಹದಿನೆಂಟು.

ಗೇರು ಬಂದದ್ದು ಆಗ. ಆರು ವಾರ ಎಂದಿದ್ದ ಕಂಪನಿ ಜನ್ಮದಲ್ಲಿ ಮೊದಲ ಸಲ ನಾಲ್ಕೇ ವಾರಕ್ಕೆ ಕಳಿಸಿತ್ತು. ಮೆಕ್ಯಾನಿಕ್‌ಗೆ ಪಂದ್ಯ ನೆನಪಿಗೆ ಬರಲಿಲ್ಲ ಎಂದರೆ ನಂಬಬೇಕು. ಹೊಸ ಗೇರು ಕಂಡರೆ ಅವನಿಗೆ ಹೆಂಡತಿ ಮಕ್ಕಳೂ ನೆನಪಾಗುವುದಿಲ್ಲ. ಭಾನುವಾರ ಹಗಲೆಲ್ಲ ಒಬ್ಬನೇ ಕೂತು ಜೋಡಿಸಿದ. ಸೋಮವಾರ ಬೆಳಿಗ್ಗೆ ಬೋರ್ಡ್ ತೆಗೆದು, ಬಾಗಿಲು ಒರೆಸಿ, ಪಕ್ಕದಲ್ಲಿ ಕೈಕಟ್ಟಿ ನಿಂತ. ಯಾರಾದರೂ ಬೆನ್ನು ತಟ್ಟುತ್ತಾರೆ ಎಂದು ಕಾದ.

ಕಚೇರಿಗೆ ಓಡುವವರು ಎದ್ದೆವೋ ಬಿದ್ದೆವೋ ಎಂದು ಲಿಫ್ಟಿನಿಂದ ಇಳಿದು ಹೋದರು. ಮುದುಕರಲ್ಲಿ ಒಬ್ಬರೂ ಹತ್ತಿರ ಸುಳಿಯಲಿಲ್ಲ. ತಿರುವುಗಳಲ್ಲಿ ಪಿಸುಪಿಸು ನಡೆದಿತ್ತು. ಕಂಪೌಂಡರ್ ಮುಖವನ್ನೇ ತಿರುಗಿಸಿದರು. ಮಧ್ಯಾಹ್ನ ಸೂಪರ್‌ವೈಸರ್ ಫೋನ್ ಮಾಡಿ ದೂರು ಬಂದಿದೆ ಎಂದ. ಓದುವಾಗ ಎರಡು ಸಲ ನಗು ತಡೆಯಲಾರದೆ ನಿಲ್ಲಿಸಿದ. ಓದಿ ಮುಗಿಸಿ, ನಗು ಬೇರೆ ನಿಯಮ ಬೇರೆ, ಬಂದ ದೂರನ್ನು ಫೈಲಿಗೆ ಹಾಕಲೇಬೇಕು ಎಂದ.

ಕುಕ್ಕರ್ ಆ ದಿನ ಕೂಗಿದ ಹಾಗೆ ಎಂದೂ ಕೂಗಿರಲಿಲ್ಲ. ನಾಲ್ಕು ಮಹಡಿಯನ್ನೂ ಕಾಲಿನಲ್ಲೇ ಹತ್ತಿದ, ತಾನೇ ಸರಿಮಾಡಿದ ಲಿಫ್ಟ್ ಇದೆ ಎಂಬುದೂ ಮರೆತು. ನಿಮ್ಮ ಕಾಲು ನೋಯದಿರಲಿ ಎಂದು ಭಾನುವಾರ ಊಟ ಬಿಟ್ಟು ದುಡಿದೆ, ಅದಕ್ಕೆ ಈ ಬಹುಮಾನವೇ, ಪಂದ್ಯ ಸೋಲುವ ಭಯಕ್ಕೆ ಬಡವನ ಹೊಟ್ಟೆಗೆ ಹೊಡೆಯುತ್ತೀರಾ ಎಂದು ಬಾಗಿಲಲ್ಲೇ ನಿಂತು ಕಿರುಚಿದ. ಟೈಪಿಸ್ಟಮ್ಮ ಮೇಜಿನ ಮುಂದೆ, ಹೊದಿಕೆ ಹಾಕಿದ ಟೈಪ್‌ರೈಟರಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಅವನು ಉಸಿರು ತೆಗೆದುಕೊಳ್ಳಲು ನಿಂತಾಗ ಮಾತ್ರ ಬಾಯಿ ತೆರೆದರು.

"ಬೆಳಿಗ್ಗೆ ಮಗ ಏನಂದ ಗೊತ್ತಾ? ಅಮ್ಮ, ಇನ್ನು ಮೆಟ್ಟಿಲು ಬೇಡ, ಲಿಫ್ಟ್ ಬಂತಲ್ಲ ಅಂದ. ಲಿಫ್ಟ್ ಕೆಟ್ಟಾಗ ಇಳಿದ್ರೆ ಅಭ್ಯಾಸ. ಸರಿಯಾದ ಮೇಲೆ ಇಳಿದ್ರೆ ಮುದುಕಿಯ ಹಟ. ನಾಳೆ ಕುರ್ಚಿನೂ ತೆಗೀತಾರೆ. ನನಗೆ ಹದಿನೆಂಟು ಮೆಟ್ಟಿಲು ಉಳಿದಿತ್ತು ಕಣಪ್ಪ. ಆರು ವಾರ ಅಂತ ಬರೆದವರು ನೀವು. ನಿಮ್ಮ ಮಾತು ನಂಬಿ ನಾನು ನಿಧಾನ ಮಾಡಿದೆ."

ಅವರ ದನಿ ಏರಿರಲಿಲ್ಲ. ಏರಿದ್ದರೆ ಅವನು ಇನ್ನೊಂದು ಗಂಟೆ ಜಗಳವಾಡುತ್ತಿದ್ದ. ಅವನು ಇಳಿಯತೊಡಗಿದ. ತಿರುವಿನ ಕುರ್ಚಿಗಳು ಖಾಲಿ. ಮೂರನೆಯದರ ಮೇಲೆ ಇಸ್ಪೀಟಿನ ಕಟ್ಟು, ರಬ್ಬರ್ ಬ್ಯಾಂಡ್ ಹಾಕಿ ಇಟ್ಟದ್ದು. ಕೆಳಗಿನ ಹದಿನೆಂಟು ಮೆಟ್ಟಿಲನ್ನು ಅವನು ಎಣಿಸಿಕೊಂಡು ಇಳಿದ. ಎಣಿಸಿದರೆ ಬಹಳವೇ ಇದ್ದವು.

ಸಂಜೆ ಲಿಫ್ಟಿನ ಬಾಗಿಲಿಗೆ ಮತ್ತೆ ಬೋರ್ಡ್ ಬಿತ್ತು: ಪರೀಕ್ಷೆಯಲ್ಲಿದೆ, ಎರಡು ವಾರ. ಸುಳ್ಳು ಬೋರ್ಡ್ ಹಾಕಿದವನು ಎನಿಸಿಕೊಳ್ಳಬಾರದೆಂದು ದಿನವೂ ತನ್ನ ಊಟದ ಬಿಡುವಿನಲ್ಲಿ ಬಂದು ನಿಜಕ್ಕೂ ಪರೀಕ್ಷೆ ಮಾಡಿದ. ಕೀಲಿ ತನ್ನ ಜೇಬಲ್ಲೇ ಇಟ್ಟುಕೊಂಡು, ಬೆಳಿಗ್ಗೆ ಒಂದು ಸಲ ಸಂಜೆ ಒಂದು ಸಲ ಗಾಲಿಕುರ್ಚಿಯ ಅಜ್ಜನನ್ನೂ ಒಬ್ಬ ಬಸುರಿಯನ್ನೂ ತಾನೇ ಹತ್ತಿಸಿ ಇಳಿಸಿದ. ಉಳಿದವರು ಜಪ್ಪಯ್ಯ ಎಂದರೂ ಬಾಗಿಲು ತೆಗೆಯಲಿಲ್ಲ. ಟೈಪಿಸ್ಟಮ್ಮನ ಮಗನೇ ಬಂದು, ಓಡುವ ಲಿಫ್ಟಿಗೆ ಇದೆಂಥ ಪರೀಕ್ಷೆ ಎಂದು ಕೇಳಿದ.

"ನಿಮ್ಮ ತಾಯಿ ಹತ್ತೋ ಲಿಫ್ಟು ಸ್ವಾಮಿ. ನಂಬಿಕೆ ಬರೋ ತನಕ ನಾನು ಬಿಡಲ್ಲ" ಎಂದ ಮೆಕ್ಯಾನಿಕ್. ಮಗ ಥ್ಯಾಂಕ್ಸ್ ಹೇಳಿ ಹೋದ. ಇವನಿಗೆ ಆ ಥ್ಯಾಂಕ್ಸ್ ಕಂಪೌಂಡರರ ಬೈಗುಳಕ್ಕಿಂತ ಚುಚ್ಚಿತು.

ಎರಡನೇ ಶುಕ್ರವಾರ, ಗುಂಪು ಹೊರಡುವ ಸಂಜೆ, ಟೈಪಿಸ್ಟಮ್ಮ ನಾಲ್ಕನೇ ಮಹಡಿಯ ಬಾಗಿಲು ಎಳೆದುಕೊಂಡರು. ಪ್ರತಿ ತಿರುವಿನಲ್ಲೂ ಜನ. ಮೊದಲ ಮಹಡಿಗೆ ಬಂದು ಅವರು ಕೋಲನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. ಅರ್ಧ ರಜೆ ಹಾಕಿ ಬಂದಿದ್ದ ಮಗ ಕೆಳಗಿನ ಬಾಗಿಲಲ್ಲಿ ನಿಂತಿದ್ದ. ಹಿಡಿಯಲೆಂದು ಒಂದು ಹೆಜ್ಜೆ ಮುಂದಿಟ್ಟ. ಮೆಕ್ಯಾನಿಕ್ ಅವನ ರಟ್ಟೆ ಹಿಡಿದು ನಿಲ್ಲಿಸಿದ. ಕೊನೆಯ ತಿರುವಿನಲ್ಲಿ ಅವರು ಕೂರುತ್ತಾರೆ ಎಂದು ಎಲ್ಲರೂ ಎಣಿಸಿದ್ದರು. ಕೂರಲಿಲ್ಲ. ಕುರ್ಚಿಯ ಬೆನ್ನನ್ನು ಒಮ್ಮೆ ಸವರಿ ಮುಂದೆ ನಡೆದರು. ಎಪ್ಪತ್ತೆರಡನೆಯ ಮೆಟ್ಟಿಲು ಇಳಿದು ನೆಲಕ್ಕೆ ಕೋಲು ಊರಿದಾಗ ಬಂದ ಸದ್ದು ಮೇಲಿನ ಐದನೇ ಮಹಡಿಯ ತನಕ ಕೇಳಿತು ಎಂದು ಕಂಪೌಂಡರ್ ಇಂದಿಗೂ ಹೇಳುತ್ತಾರೆ. ನರ್ಸಮ್ಮ ಪಟ್ಟಿ ತೆಗೆದು, ಗೀಟು ಬಿದ್ದ ಹೆಸರನ್ನು ಅದರ ಕೆಳಗೇ ಹೊಸದಾಗಿ ಬರೆದಳು. ಮಗ ಕಣ್ಣೊರೆಸಿಕೊಂಡು, ಆಮೇಲೆ ಏನೂ ಆಗದವನ ಹಾಗೆ ವಾಚು ನೋಡಿದ.

ಕೆರೆ ಸುತ್ತಿ ಬಂದ ಟೈಪಿಸ್ಟಮ್ಮ ಲಿಫ್ಟಿನ ಮುಂದೆ ನಿಂತು ಬೋರ್ಡ್ ತೆಗೆಯಲು ಸನ್ನೆ ಮಾಡಿದರು. ಹತ್ತುವುದೂ ಕಾಲಿನಲ್ಲೇ ಅಲ್ಲವೇ ಎಂದು ಮೆಕ್ಯಾನಿಕ್ ಕೆಣಕಿದ.

"ನನಗೇನು ಹುಚ್ಚಾ? ಲಿಫ್ಟ್ ಇರೋದು ಯಾತಕ್ಕೆ ಮತ್ತೆ?"

ಕುರ್ಚಿಗಳು ಆಮೇಲೂ ತಿರುವಿನಲ್ಲೇ ಉಳಿದವು. ತೆಗೆಯಲು ಬಂದ ಕಟ್ಟಡದ ಮ್ಯಾನೇಜರನಿಗೆ ಹನ್ನೊಂದು ಸಹಿ, ಒಂದು ಹೆಬ್ಬೆಟ್ಟಿನ ಇನ್ನೊಂದು ಕಾಗದ ತೋರಿಸಿದರಂತೆ. ದಾರಿಗೆ ಅಡ್ಡ ಬಾರದಂತೆ ಗೋಡೆಗೆ ಮಡಚುವ ಕುರ್ಚಿ ಹಾಕಿಸಿ ಅವನು ಕೈ ತೊಳೆದುಕೊಂಡ. ಆದರೆ ಮೆಕ್ಯಾನಿಕ್‌ನ ಫೈಲಿನಿಂದ ದೂರು ಹೊರಬರಲಿಲ್ಲ. ವಾಪಸು ತೆಗೆದುಕೊಳ್ಳಿ ಎಂದು ಅವನು ಕೇಳಿದ್ದಕ್ಕೆ ಟೈಪಿಸ್ಟಮ್ಮ, ಪಂದ್ಯದ ಬಾಕಿ ತೀರಿಸಿದ ಮಾರನೆಯ ದಿನವೇ ಎಂದು ಒಪ್ಪಿಕೊಂಡರು.

ತೀರಿಸಲು ಅವನು ಪ್ರಯತ್ನ ಪಡಲಿಲ್ಲ ಎನ್ನುವಂತಿಲ್ಲ. ಮೊದಲ ಸಲ ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಒಂಟಿ ಕಾಲುಚೀಲದ ವಿಷಯದಲ್ಲಿ ಮುರಿಯಿತು. ಇನ್ನೊಮ್ಮೆ ಹನ್ನೊಂದರ ತನಕ ಅವನು ಎಷ್ಟು ಮೆತ್ತಗಿದ್ದನೆಂದರೆ, ಹೆಂಡತಿ ಹಣೆ ಮುಟ್ಟಿ ನೋಡಿ ತನ್ನ ಅಣ್ಣನಿಗೆ ಫೋನ್ ಮಾಡಿದಳು. ಭಾವ ಓಡಿಬಂದು, ಏನಾಯ್ತು ಏನಾಯ್ತು ಎಂದು ಕೇಳಿ ಕೇಳಿಯೇ ಕೆಡಿಸಿದ. ಜ್ವರ ಬಂದು ಇಡೀ ದಿನ ಮಲಗಿದ್ದನ್ನು ಲೆಕ್ಕಕ್ಕೆ ಹಿಡಿಯಲು ಟೈಪಿಸ್ಟಮ್ಮ ಒಪ್ಪಲಿಲ್ಲ. ಎಲ್ಲಕ್ಕಿಂತ ಹತ್ತಿರ ಹೋದದ್ದು ಹೋದ ವರ್ಷ: ಸಂಜೆ ಐದೂವರೆ ತನಕ ಒಂದು ವಿಷಲ್ ಇಲ್ಲ. ಅಂದು ಶುಕ್ರವಾರ. ನಡೆದು ಬಂದ ಟೈಪಿಸ್ಟಮ್ಮ ಲಿಫ್ಟಿನೊಳಗೆ ಹೋಗಿ, ಒಂದರಿಂದ ಐದರ ತನಕ ಎಲ್ಲ ಗುಂಡಿಯನ್ನೂ ಒತ್ತಿ, ತಪಾಸಣೆಗೆ ಬಂದಿದ್ದ ಅವನ ಮುಖವನ್ನೇ ನೋಡುತ್ತ ನಿಂತರು.

ದೂರು ವಾಪಸು ತೆಗೆದುಕೊಳ್ಳುವ ಕಾಗದವನ್ನು ಅವರು ಎಂದೋ ಟೈಪ್ ಮಾಡಿದ್ದಾರೆ. ಟೈಪ್‌ರೈಟರಿನ ಹೊದಿಕೆಯ ಕೆಳಗೆ ಇದೆ. ಅವನೇ ಕಣ್ಣಾರೆ ಕಂಡಿದ್ದಾನೆ. ಸಹಿ ಕೂಡ ಆಗಿದೆ. ತಾರೀಕಿನ ಜಾಗ ಮಾತ್ರ ಖಾಲಿ.